ಬಿಳಿ ಇಲಿಯ ಕುಲಾವಿ

ಅನುವಂಶೀಯತೆಯ ಬಗ್ಗೆ ಚರ್ಚೆಯೊಂದನ್ನು ಸ್ಟುಡಿಯೊದಲ್ಲಿ ಚಿತ್ರೀಕರಿಸುತ್ತಿದ್ದೆವು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಪಿ.ಯು.ಸಿ. ವಿದ್ಯಾರ್ಥಿನಿಯೊಬ್ಬಳು ಕೈಯೆತ್ತಿ ಕೇಳಿದಳು: "ಸರ್, ಪ್ರಯೋಗಶಾಲೆಯ ಬಿಳಿ ಇಲಿ ಕಾಡಿನಲ್ಲಿ ಎಲ್ಲಿರುತ್ತದೆ?"

ಅಷ್ಟರಲ್ಲಿ ಸಮಯ ಮುಗಿದಿತ್ತು. ನಿರ್ಮಾಪಕನಾದ ನಾನೇ ಕೈ ಆಡಿಸಿ ಕಾರ್ಯಕ್ರಮ ನಿಲ್ಲಿಸಬೇಕಾಯಿತು. ಆದರೆ ಆ ಪ್ರಶ್ನೆ ಮನೆಯವರೆಗೂ ನನ್ನ ಜೊತೆ ಬಂತು. ಬಿ.ಎಸ್ಸಿ. ಓದುವಾಗ ಪ್ರಾಣಿಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ನಾವೂ ಬಿಳಿ ಇಲಿಗಳನ್ನು ಕಂಡವರೇ. ತಂತಿಯ ಪಂಜರ, ಮರದ ಹೊಟ್ಟು, ಗುಲಾಬಿ ಕಣ್ಣು. ಅವುಗಳ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯಲು ಆಗ ಕೊಯ್ಯುತ್ತಿದ್ದೆವು. ಕಾಲೇಜುಗಳಲ್ಲಿ ಆ ಪದ್ಧತಿ ನಿಂತುಹೋದದ್ದು ಆಮೇಲೆ. ಆದರೆ ಆ ಪ್ರಾಣಿ ಎಲ್ಲಿಂದ ಬಂತು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಉತ್ತರ ಚಿಕ್ಕದು: ಎಲ್ಲಿಯೂ ಇಲ್ಲ. ಅದು ಕಾಡಿನ ಪ್ರಾಣಿಯಲ್ಲ. ಮನುಷ್ಯ ಆರಿಸಿ, ಕೂಡಿಸಿ, ಬೆಳೆಸಿದ ತಳಿ. ಯಾರು ಆರಿಸಿದರು, ಏನನ್ನು ನೋಡಿ ಆರಿಸಿದರು, ಅದರ ಜೊತೆಗೆ ಕೇಳದೆ ಬಂದದ್ದೇನು ಎಂಬುದು ಮಾತ್ರ ಸ್ವಲ್ಪ ಉದ್ದದ ಕಥೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ನಾವು ದೊಡ್ಡದನ್ನೂ ಸಣ್ಣದನ್ನೂ ಇಲಿ ಎಂದೇ ಕರೆಯುತ್ತೇವೆ. ತೀರಾ ಸಣ್ಣದಾದರೆ ಚಿಟ್ಟಿಲಿ, ತೀರಾ ದೊಡ್ಡದಾದರೆ ಹೆಗ್ಗಣ. ನಾನಿಲ್ಲಿ ಹೇಳುತ್ತಿರುವುದು ಕಂದು ಇಲಿಯ ಬಗ್ಗೆ. ನಮ್ಮ ಹಳ್ಳಿಮನೆಗಳ ಅಟ್ಟದ ಮೇಲೆ ರಾತ್ರಿ ಓಡಾಡುವುದು ಸಾಮಾನ್ಯವಾಗಿ ಬೇರೊಂದು ಪ್ರಭೇದ. ಕಂದು ಇಲಿಗೆ ವಿಜ್ಞಾನಿಗಳು ರಾಟಸ್ ನಾರ್ವೆಜಿಕಸ್ ಎಂದು ನಾರ್ವೆಯ ಹೆಸರಿಟ್ಟಿದ್ದಾರೆ. ನಾರ್ವೆಗೂ ಅದಕ್ಕೂ ವಿಶೇಷ ಸಂಬಂಧವಿಲ್ಲ. ಅದರ ಮೂಲ ನೆಲೆ ಏಷ್ಯಾ ಖಂಡದ ಉತ್ತರ ಚೀನಾ, ಮಂಗೋಲಿಯಾಗಳ ಕಡೆ. ಹದಿನೆಂಟನೆಯ ಶತಮಾನದಲ್ಲಿ ಅದು ಯೂರೋಪಿನ ಊರುಗಳನ್ನು ತುಂಬಿಕೊಂಡಿತು.

ಈಗ ನೀವು ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಒಂದು ಹೆಂಡದಂಗಡಿಗೆ ಬರಬೇಕು. ಮಧ್ಯದಲ್ಲಿ ಹಲಗೆ ಕಟ್ಟಿದ ಅಂಕಣ. ಅದರೊಳಗೆ ನೂರು ಜೀವಂತ ಇಲಿಗಳು. ಒಂದು ನಾಯಿಯನ್ನು ಒಳಗೆ ಬಿಡುತ್ತಾರೆ. ಎಷ್ಟು ನಿಮಿಷದಲ್ಲಿ ಎಲ್ಲವನ್ನೂ ಕೊಲ್ಲುತ್ತದೆ ಎಂದು ಸುತ್ತ ನಿಂತವರು ಬಾಜಿ ಕಟ್ಟುತ್ತಾರೆ. 1823ರಲ್ಲಿ ಬಿಲ್ಲಿ ಎಂಬ ನಾಯಿ ಐದೂವರೆ ನಿಮಿಷದಲ್ಲಿ ನೂರು ಇಲಿಗಳನ್ನು ಮುಗಿಸಿತೆಂದು ದಾಖಲೆಯಿದೆ. 1835ರಲ್ಲಿ ಬ್ರಿಟನ್ನಿನಲ್ಲಿ ಬಂದ ಕಾನೂನು ಗೂಳಿ ಕರಡಿಗಳ ಮೇಲೆ ನಾಯಿ ಬಿಡುವ ಆಟವನ್ನು ನಿಷೇಧಿಸಿತು. ಇಲಿಗಳ ಪರವಾಗಿ ಮಾತನಾಡುವವರು ಯಾರೂ ಇರಲಿಲ್ಲ. ಹೀಗಾಗಿ ಬಾಜಿಯ ಹಣವೆಲ್ಲ ಇಲಿಯಾಟದ ಕಡೆ ಹರಿಯಿತು.

ಈ ಅಸಹ್ಯ ಆಟವನ್ನು ಇಷ್ಟು ವಿವರಿಸಲು ಕಾರಣವಿದೆ. ಬಾಜಿಗೆ ಇಲಿಗಳು ಜೀವಂತ ಬೇಕು, ಸಾವಿರಗಟ್ಟಲೆ ಬೇಕು. ಹಿಡಿಯುವವನ ಕೈಯಲ್ಲಿ ವರ್ಷವಿಡೀ ಅಷ್ಟು ಇಲಿಗಳು ಹಾದುಹೋದಾಗ ಅವುಗಳಲ್ಲಿ ಅಪರೂಪಕ್ಕೊಮ್ಮೆ ಒಂದು ಬಿಳಿಯದು, ಒಂದು ಕಪ್ಪನೆಯದು, ಒಂದು ಮಚ್ಚೆಯದು ಸಿಕ್ಕೇ ಸಿಗುತ್ತದೆ. ಮೋರಿಯಲ್ಲಿ ಬಿಟ್ಟಿದ್ದರೆ ಗೂಬೆಯ ಕಣ್ಣಿಗೆ ಮೊದಲು ಬೀಳುವುದು ಆ ಬಿಳಿ ಇಲಿಯೇ. ಇಲ್ಲಿ ಅದು ಮನುಷ್ಯನ ಕಣ್ಣಿಗೆ ಬಿತ್ತು, ಉಳಿಯಿತು.

ಜ್ಯಾಕ್ ಬ್ಲ್ಯಾಕ್ ಎಂಬಾತ ಹಾಗೆ ಕಂಡವರಲ್ಲಿ ಪ್ರಸಿದ್ಧ. ತಾನು ವಿಕ್ಟೋರಿಯಾ ರಾಣಿಯ ಇಲಿ ಹಿಡಿಯುವವನೆಂದು ಹೇಳಿಕೊಳ್ಳುತ್ತಿದ್ದ, ಲೋಹದ ಇಲಿಗಳನ್ನು ಕೂರಿಸಿದ ಪಟ್ಟಿಯನ್ನು ಮೈಮೇಲೆ ಅಡ್ಡಲಾಗಿ ಧರಿಸುತ್ತಿದ್ದ. ಲಂಡನ್ನಿನ ದುಡಿಯುವ ಬಡವರ ಬಗ್ಗೆ ಹೆನ್ರಿ ಮೇಹ್ಯೂ ಬರೆದ ದೊಡ್ಡ ಗ್ರಂಥದಲ್ಲಿ ಈತನ ಸಂದರ್ಶನವಿದೆ. ಬಣ್ಣಬಣ್ಣದ ಇಲಿಗಳನ್ನು ಬೇರೆ ಇಟ್ಟು ಮರಿ ಮಾಡಿಸಿ, ಪಂಜರದಲ್ಲಿ ಸಾಕಲು ಬಯಸುವ ಶ್ರೀಮಂತ ಮನೆಯ ಹೆಣ್ಣುಮಕ್ಕಳಿಗೆ ಮಾರುತ್ತಿದ್ದನಂತೆ. ಕೊಲ್ಲುವ ಕಸುಬೇ ಸಾಕುವ ಹವ್ಯಾಸವನ್ನು ಹುಟ್ಟುಹಾಕಿತು ನೋಡಿ.

ಇದರಲ್ಲಿ ಇಂಗ್ಲಿಷರೇ ಮೊದಲಿಗರು ಎಂದು ತಿಳಿಯಬೇಡಿ. ಜಪಾನಿನ ಒಸಾಕಾದಲ್ಲಿ 1775ರಲ್ಲಿಯೇ ಇಲಿ ಸಾಕುವವರಿಗಾಗಿ ಕೈಪಿಡಿಯೊಂದು ಅಚ್ಚಾಗಿತ್ತು. ಇನ್ನು ಇಂಗ್ಲೆಂಡಿನಲ್ಲಿ 1901ರ ಹೊತ್ತಿಗೆ ಹವ್ಯಾಸ ಎಷ್ಟು ಬೆಳೆದಿತ್ತೆಂದರೆ, ಮೇರಿ ಡಗ್ಲಸ್ ಎಂಬ ಮಹಿಳೆಯ ಒತ್ತಾಯಕ್ಕೆ ಮಣಿದು ಚಿಟ್ಟಿಲಿ ಸಾಕುವವರ ರಾಷ್ಟ್ರೀಯ ಸಂಘ ಏಲ್ಸ್‌ಬರಿ ಪಟ್ಟಣದ ಪ್ರದರ್ಶನದಲ್ಲಿ ಇಲಿಗಳಿಗೂ ಜಾಗ ಕೊಟ್ಟಿತು. ಆಕೆಯ ಕಪ್ಪು ಬಿಳಿ ಇಲಿ ಅಲ್ಲಿ ಬಹುಮಾನ ಗೆದ್ದಿತು. 1912ರಲ್ಲಿ ಸಂಘ ತನ್ನ ಹೆಸರಿಗೆ ಇಲಿಯನ್ನೂ ಸೇರಿಸಿಕೊಂಡಿತು. 1921ರಲ್ಲಿ ಡಗ್ಲಸ್ ತೀರಿಕೊಂಡ ಮೇಲೆ ಉತ್ಸಾಹ ಇಳಿಯಿತು, 1929ರಲ್ಲಿ ಇಲಿಯ ಹೆಸರೂ ಬಿದ್ದುಹೋಯಿತು. ಮತ್ತೆ ಇಲಿಗಳಿಗೇ ಮೀಸಲಾದ ಸಂಘ ಬ್ರಿಟನ್ನಿನಲ್ಲಿ ಹುಟ್ಟಿದ್ದು 1976ರಲ್ಲಿ.

ಪ್ರದರ್ಶನದ ಮೇಜಿನ ಮೇಲೆ ತೀರ್ಪುಗಾರನಿಗೆ ಕಾಣುವುದು ಬಣ್ಣ, ಮಚ್ಚೆ, ಮೈಕಟ್ಟು. ಆ ಗಳಿಗೆಯಲ್ಲಿ ಕಚ್ಚದಿದ್ದರೆ ಸ್ವಭಾವವೂ ಒಳ್ಳೆಯದೇ. ಅದರ ಅಜ್ಜಿ ಎಷ್ಟು ದಿನ ಬದುಕಿತ್ತು ಎಂಬುದು ಮೇಜಿನ ಮೇಲೆ ಕಾಣುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ.

ಇಷ್ಟರಲ್ಲಿ ಬಿಳಿ ಇಲಿ ಇನ್ನೊಂದು ಬಾಗಿಲಿನಿಂದ ವಿಜ್ಞಾನದ ಮನೆ ಹೊಕ್ಕಿತ್ತು. 1856ರಲ್ಲಿ ಪ್ಯಾರಿಸ್ಸಿನ ಫಿಲಿಪೊ ಬಿಳಿ ಇಲಿಗಳ ಅಡ್ರಿನಲ್ ಗ್ರಂಥಿ ತೆಗೆದು ಮಾಡಿದ ಪ್ರಯೋಗ ಈ ಸಾಲಿನಲ್ಲಿ ಮೊದಲನೆಯವುಗಳಲ್ಲೊಂದು. ಜರ್ಮನಿಯ ಹ್ಯೂಗೊ ಕ್ರಾಂಪೆ 1877ರಿಂದ 1885ರವರೆಗೆ ಬಿಳಿ, ಕಪ್ಪು, ಮಚ್ಚೆಯ ಮತ್ತು ಕಾಡಿನ ಇಲಿಗಳನ್ನು ಕೂಡಿಸಿ ಮರಿಗಳ ಬಣ್ಣ ಬರೆದಿಟ್ಟ. ಅಂಕಿಗಳಿದ್ದವು, ಅರ್ಥ ಹೊಳೆಯಲಿಲ್ಲ. ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡ ನಿಯಮಗಳು ಅಚ್ಚಾಗಿ ಹತ್ತು ವರ್ಷ ಕಳೆದಿದ್ದರೂ ಯಾರೂ ಅವನ್ನು ಗಮನಿಸಿರಲಿಲ್ಲ. 1900ರಲ್ಲಿ ಅವು ಮತ್ತೆ ಬೆಳಕಿಗೆ ಬಂದ ಮೇಲೆ ಕ್ರಾಂಪೆಯ ಹಳೆಯ ಪಟ್ಟಿಗಳು ತಟ್ಟನೆ ಮಾತಾಡತೊಡಗಿದವು.

ಪೆನ್ಸಿಲು ತೆಗೆದುಕೊಳ್ಳಿ, ಒಂದು ಲೆಕ್ಕ ಮಾಡೋಣ. ಕಾಡಿನ ಇಲಿಯ ಒಂದು ಕೂದಲನ್ನು ನೋಡಿದರೆ ಅದು ಪೂರ್ತಿ ಒಂದೇ ಬಣ್ಣವಲ್ಲ. ಕಪ್ಪು ಕೂದಲಿನ ನಡುವೆ ಹಳದಿ ಪಟ್ಟಿಯಿದೆ. ದೂರಕ್ಕೆ ಅದು ಮಣ್ಣಿನ ಬಣ್ಣವಾಗಿ ಕಾಣುತ್ತದೆ. ಈ ಪಟ್ಟಿ ಹಾಕುವ ವಂಶವಾಹಿ ಕೆಟ್ಟರೆ ಇಲಿ ಪೂರ್ತಿ ಕಪ್ಪು. ಬೇರೊಂದು ವಂಶವಾಹಿ ಬಣ್ಣವನ್ನೇ ತಯಾರಿಸುತ್ತದೆ. ಅದು ಎರಡೂ ಕಡೆಯಿಂದ ಕೆಟ್ಟದ್ದೇ ಬಂದರೆ ಇಲಿ ಬಿಳಿ, ಕಣ್ಣು ಗುಲಾಬಿ. ಈಗ ಅಪ್ಪಟ ಮಣ್ಣುಬಣ್ಣದ ಇಲಿಯನ್ನು, ಕಪ್ಪಿನ ವಂಶವಾಹಿಯನ್ನು ಒಳಗೆ ಬಚ್ಚಿಟ್ಟುಕೊಂಡ ಬಿಳಿ ಇಲಿಗೆ ಕೂಡಿಸಿ. ಮರಿಗಳೆಲ್ಲ ಮಣ್ಣುಬಣ್ಣ. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಹದಿನಾರಕ್ಕೆ 9 ಮಣ್ಣುಬಣ್ಣ, 3 ಕಪ್ಪು, 4 ಬಿಳಿ. ಪಠ್ಯಪುಸ್ತಕದ 9:3:3:1 ಎಲ್ಲಿ ಹೋಯಿತು? ಕೊನೆಯ 3 ಮತ್ತು 1 ಒಂದಾಗಿ 4 ಆಗಿವೆ. ಆ ನಾಲ್ಕರಲ್ಲಿ ಮೂರು ಮಣ್ಣುಬಣ್ಣವಾಗಬೇಕಿದ್ದವು, ಒಂದು ಕಪ್ಪಾಗಬೇಕಿತ್ತು. ಬಣ್ಣವೇ ತಯಾರಾಗದ ಕಾರಣ ನಮಗೆ ನಾಲ್ಕೂ ಒಂದೇ. ಕಾಗದವಿಲ್ಲದಿದ್ದರೆ ಮುದ್ರೆಯಿದ್ದೂ ಒತ್ತುವುದೆಲ್ಲಿ?

ಅಂದರೆ ಬಿಳಿ ಇಲಿ ಖಾಲಿ ಹಾಳೆಯಲ್ಲ, ಮುಚ್ಚಿದ ಲಕೋಟೆ. ಲಕೋಟೆಯೊಳಗೆ ಏನಿತ್ತು ಎಂಬುದು ಮೊನ್ನೆಮೊನ್ನೆ ಸ್ಪಷ್ಟವಾಗಿದೆ. ತಲೆ ಮತ್ತು ಭುಜ ಬಣ್ಣದ್ದು, ಬೆನ್ನ ಮೇಲೊಂದು ಪಟ್ಟಿ, ಉಳಿದದ್ದು ಬಿಳಿ, ಹೀಗಿರುವ ಇಲಿಯೊಂದಿದೆ. ಮಗುವಿಗೆ ಕುಲಾವಿ ಹಾಕಿದಂತೆ ಕಾಣುವುದರಿಂದ ನಾನು ಅದನ್ನು ಕುಲಾವಿ ಇಲಿ ಎಂದೇ ಕರೆಯುತ್ತೇನೆ. 2012ರಲ್ಲಿ ಜಪಾನಿನ ಕುರಾಮೊಟೊ ಮತ್ತು ಸಂಗಡಿಗರು ಜಗತ್ತಿನ ಅನೇಕ ಪ್ರಯೋಗಶಾಲೆಯ ತಳಿಗಳ ಡಿ.ಎನ್.ಎ. ಪರೀಕ್ಷಿಸಿದರು. ಬಿಳಿ ತಳಿಗಳೆಲ್ಲ ಬಣ್ಣಗೇಡಿನ ಒಂದೇ ಉತ್ಪರಿವರ್ತನೆಯನ್ನು ಹೊತ್ತಿದ್ದವು. ಅಷ್ಟೇ ಅಲ್ಲ, ಕುಲಾವಿಯ ವಂಶವಾಹಿಯೂ ಅವುಗಳಲ್ಲಿತ್ತು. ಕಾಣದ ಕುಲಾವಿ! ನಮ್ಮ ಪ್ರಯೋಗಶಾಲೆಯ ಬಿಳಿ ಇಲಿಗಳ ಮೂಲ ಯಾವುದೋ ಮೋರಿಯ ಬಿಳಿ ಇಲಿಯಲ್ಲ. ಯಾರೋ ಮೊದಲೇ ಅಂದಕ್ಕಾಗಿ ಸಾಕಿದ್ದ ಕುಲಾವಿ ಇಲಿಗಳ ಮನೆತನ ಎಂದು ಅವರು ತೀರ್ಮಾನಿಸಿದರು. ವಿಜ್ಞಾನಿ ಕೈಗೆತ್ತಿಕೊಳ್ಳುವ ಮೊದಲು ಹವ್ಯಾಸಿ ಆರಿಸಿಯಾಗಿತ್ತು.

ಕುಲಾವಿ ಇಲಿಯದು ಇನ್ನೊಂದು ಪ್ರಸಂಗ. ಅಮೆರಿಕದ ಹಾರ್ವರ್ಡ್‌ನಲ್ಲಿ ವಿಲಿಯಂ ಕ್ಯಾಸಲ್ ಎಂಬ ವಿಜ್ಞಾನಿ ಒಂದು ಪಂಜರ ಸಾಲಿನಲ್ಲಿ ಪ್ರತಿ ತಲೆಮಾರಿನಲ್ಲೂ ಅತಿ ದೊಡ್ಡ ಕುಲಾವಿಯ ಇಲಿಗಳನ್ನು, ಇನ್ನೊಂದರಲ್ಲಿ ಅತಿ ಚಿಕ್ಕ ಕುಲಾವಿಯವನ್ನು ಆರಿಸುತ್ತಾ ಹೋದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಇಲಿಗಳು. ಕೊನೆಗೆ ಒಂದು ಸಾಲು ಬಹುಮಟ್ಟಿಗೆ ಕಪ್ಪಾಯಿತು, ಇನ್ನೊಂದು ಬಹುಮಟ್ಟಿಗೆ ಬಿಳಿಯಾಯಿತು. ಆರಿಸುವ ಬಲದಿಂದ ಕುಲಾವಿಯ ವಂಶವಾಹಿಯೇ ಬದಲಾಗಿದೆ ಎಂದು ಕ್ಯಾಸಲ್ ವಾದಿಸಿದರು. ಇಲ್ಲ, ವಂಶವಾಹಿ ಅದೇ ಇದೆ, ಅದರ ಸುತ್ತ ಸಣ್ಣಪುಟ್ಟ ಸಹಾಯಕ ವಂಶವಾಹಿಗಳು ಒಟ್ಟುಗೂಡಿವೆ ಎಂದು ಇತರರು ಹೇಳಿದರು. ಪರೀಕ್ಷಿಸಲು ಎರಡೂ ಸಾಲಿನ ಇಲಿಗಳನ್ನು ಕಾಡಿನ ಇಲಿಗೆ ಮತ್ತೆಮತ್ತೆ ಕೂಡಿಸಿದಾಗ ಎರಡೂ ಕಡೆಯ ಕುಲಾವಿಗಳು ಒಂದರ ಹತ್ತಿರ ಒಂದು ಬಂದವು. 1919ರಲ್ಲಿ ಕ್ಯಾಸಲ್ ತಮ್ಮ ವಾದ ತಪ್ಪೆಂದು ಒಪ್ಪಿಕೊಂಡು ಪ್ರಕಟಿಸಿದರು. ಹತ್ತು ವರ್ಷಕ್ಕೂ ಮೀರಿದ ದುಡಿಮೆಯ ಕೊನೆಗೆ ಹಾಗೆ ಬರೆಯುವುದು ಸುಲಭವಲ್ಲ. ನನಗೆ ಆ ಪ್ರಯೋಗಕ್ಕಿಂತ ಆ ಒಪ್ಪಿಗೆಯೇ ದೊಡ್ಡದಾಗಿ ಕಾಣುತ್ತದೆ.

ಅದೇ ಕಾಲದಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹೆಲೆನ್ ಡೀನ್ ಕಿಂಗ್ ಎಂಬ ವಿಜ್ಞಾನಿ ಕೆಲಸ ಮಾಡುತ್ತಿದ್ದರು. 1909ರಲ್ಲಿ ಒಂದೇ ಸೂಲಿನ ಎರಡು ಗಂಡು, ಎರಡು ಹೆಣ್ಣು ಬಿಳಿ ಇಲಿಗಳಿಂದ ಆರಂಭಿಸಿ, ತಲೆಮಾರಿನಿಂದ ತಲೆಮಾರಿಗೆ ಒಡಹುಟ್ಟುಗಳನ್ನೇ ಕೂಡಿಸುತ್ತಾ ಹೋದರು. ತಳಿ ಕುಗ್ಗಿ ನಾಶವಾಗುತ್ತದೆಂದು ಎಲ್ಲರ ನಿರೀಕ್ಷೆ. ಇಪ್ಪತ್ತೈದು ತಲೆಮಾರು ಕಳೆದರೂ ಇಲಿಗಳು ಗಟ್ಟಿಯಾಗಿಯೇ ಇದ್ದವು, ಮರಿಗಳೂ ಚೆನ್ನಾಗಿಯೇ ಆಗುತ್ತಿದ್ದವು. ರಹಸ್ಯವೇನೆಂದರೆ ಕಿಂಗ್ ಪ್ರತಿ ಸೂಲಿನಲ್ಲಿ ಅತ್ಯಂತ ಪುಷ್ಟವಾದವನ್ನಷ್ಟೇ ತಾಯಿತಂದೆಗಳಾಗಿ ಇಟ್ಟುಕೊಳ್ಳುತ್ತಿದ್ದರು. ರಕ್ತಸಂಬಂಧ ಬಚ್ಚಿಟ್ಟ ದೋಷವನ್ನು ಹೊರಗೆ ತರುತ್ತದೆ. ಹೊರಬಂದದ್ದನ್ನು ಅವರು ನಿರ್ದಯವಾಗಿ ಬಿಟ್ಟುಬಿಟ್ಟರು.

ಇಲ್ಲಿ ನೀವು ಒಂದು ಪ್ರಶ್ನೆ ಕೇಳುತ್ತೀರೆಂದು ಬಲ್ಲೆ. ನಮ್ಮ ಕಡೆ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ಮದುವೆಯಾಗುವ ರೂಢಿಯಿದೆಯಲ್ಲ, ಹಾಗಾದರೆ ಅದೂ ನಿರಪಾಯವೇ? ಕಿಂಗ್ ಅವರ ಪ್ರಯೋಗ ಅದಕ್ಕೆ ಸಾಕ್ಷಿಯಾಗದು. ಇಲಿಯ ಪಂಜರದಲ್ಲಿ ದುರ್ಬಲ ಮರಿಯನ್ನು ಪಟ್ಟಿಯಿಂದ ತೆಗೆಯಬಹುದು. ಮನೆಯಲ್ಲಿ ಹುಟ್ಟಿದ ಮಗುವನ್ನು ಎದೆಗವಚಿಕೊಳ್ಳುತ್ತೇವೆ.

ಇನ್ನು ಸ್ವಭಾವ. 1919ರಲ್ಲಿ ಕಿಂಗ್ ಫಿಲಡೆಲ್ಫಿಯಾದ ಬೀದಿಗಳಲ್ಲಿ ಹಿಡಿದ ಕಾಡಿನ ಇಲಿಗಳನ್ನೂ ಪಂಜರಕ್ಕೆ ತಂದರು. ಮೊದಲ ತಲೆಮಾರಿನ ಹೆಣ್ಣುಗಳಲ್ಲಿ ಹೆಚ್ಚಿನವು ಮರಿಯನ್ನೇ ಹಾಕಲಿಲ್ಲ. ಬೆದರಿದ ಪ್ರಾಣಿ ಗರ್ಭ ಧರಿಸುವುದಿಲ್ಲ. ಧರಿಸಿದರೂ ಮರಿಗಳನ್ನು ಸಾಕುವುದಿಲ್ಲ. ಮರಿ ಹಾಕಿದ ಕೆಲವೇ ಇಲಿಗಳಿಂದ ಮುಂದಿನ ವಂಶ ಬೆಳೆಯಿತು. ಯಾರೂ ಸಾಧುತನವನ್ನು ಆರಿಸಿರಲಿಲ್ಲ, ಪಂಜರವೇ ಆರಿಸಿತ್ತು. ಆ ವಂಶದಲ್ಲಿ ಕಾಲಕ್ರಮೇಣ ಗುಂಗುರು ಕೂದಲಿನಂಥ ವಿಚಿತ್ರಗಳೂ ಕಾಣಿಸಿಕೊಂಡವು.

ಬೇಕೆಂದೇ ಸ್ವಭಾವವನ್ನು ಆರಿಸಿದವರು ರಷ್ಯಾದವರು. ಬೆಳ್ಳಿ ನರಿಗಳನ್ನು ಪಳಗಿಸಿದ ದಿಮಿತ್ರಿ ಬೆಲ್ಯಾಯೆವ್ ಅವರ ಹೆಸರನ್ನು ನೀವು ಕೇಳಿರಬಹುದು. 1972ರಲ್ಲಿ ಅವರ ನೊವೊಸಿಬಿರ್ಸ್ಕ್ ಸಂಸ್ಥೆಯಲ್ಲಿ ಹತ್ತಿರದ ಕಾಡು ಇಲಿಗಳಿಂದ ಎರಡು ಸಾಲು ಆರಂಭವಾಯಿತು. ಪರೀಕ್ಷೆ ಸರಳ: ಕೈಗವಸು ಹಾಕಿದ ಕೈಯನ್ನು ಪಂಜರದೊಳಗೆ ಚಾಚುವುದು. ಅತಿ ಕಡಿಮೆ ಪ್ರತಿಭಟಿಸಿದವು ಒಂದು ಸಾಲು, ಹಾರಿ ಕಚ್ಚಿದವು ಇನ್ನೊಂದು ಸಾಲು. ಹತ್ತಾರು ತಲೆಮಾರುಗಳ ನಂತರ ಮೊದಲ ಸಾಲಿನವು ಕೈಯಲ್ಲಿ ಎತ್ತಿಕೊಂಡರೂ ಸುಮ್ಮನಿರುತ್ತವೆ. ಎರಡನೆಯವು ಕಿರುಚಿ ಮೇಲೆರಗುತ್ತವೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫ್ರ್ಯಾಂಕ್ ಆಲ್ಬರ್ಟ್ ಮತ್ತು ಸಂಗಡಿಗರು ಈ ಇಲಿಗಳನ್ನು ಪರೀಕ್ಷಿಸಿ, ಸಾಧು ಇಲಿಯ ಮರಿಯನ್ನು ರೋಷದ ತಾಯಿ ಸಾಕಿದರೂ, ರೋಷದ ಮರಿಯನ್ನು ಸಾಧು ತಾಯಿ ಸಾಕಿದರೂ ಸ್ವಭಾವ ಹೆಚ್ಚು ಬದಲಾಗುವುದಿಲ್ಲ ಎಂದು ತೋರಿಸಿದರು. ಸಾಧು ಇಲಿಗಳ ಅಡ್ರಿನಲ್ ಗ್ರಂಥಿ ಚಿಕ್ಕದು, ರಕ್ತದಲ್ಲಿ ಒತ್ತಡದ ಹಾರ್ಮೋನು ಕಡಿಮೆ.

ಸಾಧು ಸಾಲಿನಲ್ಲಿ ಹೊಟ್ಟೆಯ ಮೇಲೆ ಬಿಳಿ ಮಚ್ಚೆಗಳೂ ಹೆಚ್ಚಾಗಿದ್ದವು. ಸಾಧುತನ ಬಂದರೆ ಮಚ್ಚೆಯೂ ಬರುತ್ತದೆ ಎಂದು ಹೇಳಿಬಿಡಲು ಎಷ್ಟು ಆಸೆಯಾಗುತ್ತದೆ! ಆದರೆ 2009ರಲ್ಲಿ ಅದೇ ತಂಡ ಎರಡೂ ಸಾಲುಗಳನ್ನು ಕೂಡಿಸಿ ಮೊಮ್ಮಕ್ಕಳ ವಂಶವಾಹಿಗಳನ್ನು ಜಾಲಾಡಿದಾಗ, ಮಚ್ಚೆಯ ಜಾಗವೇ ಬೇರೆ, ಸಾಧುತನದ ಜಾಗಗಳೇ ಬೇರೆ ಎಂದು ತಿಳಿಯಿತು. ಒಂದೇ ಬಸ್ಸಿನಲ್ಲಿ ಬಂದವರೆಲ್ಲ ಒಂದೇ ಮನೆಯವರಲ್ಲ.

ಕೆಲವೊಮ್ಮೆ ಮಾತ್ರ ನಿಜವಾಗಿಯೂ ಒಂದೇ ಮನೆಯವರಿರುತ್ತಾರೆ, ಮತ್ತು ಆಗ ಪ್ರಾಣಿ ಬೆಲೆ ತೆರುತ್ತದೆ. ಭ್ರೂಣದಲ್ಲಿ ಬಣ್ಣದ ಕಣಗಳು ಹುಟ್ಟುವುದು ಚರ್ಮದಲ್ಲಲ್ಲ. ಮುಂದೆ ಬೆನ್ನುಹುರಿಯಾಗುವ ಕೊಳವೆಯ ಅಂಚಿನಲ್ಲಿ. ಅಲ್ಲಿಂದ ಹೊರಟು ಮೈಯೆಲ್ಲ ಹರಡಬೇಕು. ದೂರದ ಹಣೆ, ಹೊಟ್ಟೆ, ಪಾದಗಳನ್ನು ತಲುಪದಿದ್ದರೆ ಅಲ್ಲಿ ಬಿಳಿ ಮಚ್ಚೆ. ಅದೇ ಅಂಚಿನಿಂದ ಹೊರಡುವ ಬೇರೆ ಕಣಗಳು ಕರುಳಿಗೆ ಹೋಗಿ ಅದರ ನರಗಳಾಗುತ್ತವೆ. ಎರಡೂ ಬಗೆಯ ಕಣಗಳಿಗೆ ದಾರಿ ತೋರುವ ಒಂದು ವಂಶವಾಹಿ ಇಲಿಗಳ ಒಂದು ತಳಿಯಲ್ಲಿ ಕೆಟ್ಟಿರುವುದು 1990ರ ದಶಕದಲ್ಲಿ ಪತ್ತೆಯಾಯಿತು. ಎರಡೂ ಕಡೆಯಿಂದ ಕೆಟ್ಟ ಪ್ರತಿಯನ್ನೇ ಪಡೆದ ಮರಿ ಬಹುತೇಕ ಬಿಳಿಯಾಗಿ ಹುಟ್ಟುತ್ತದೆ, ಮುದ್ದಾಗಿಯೂ ಕಾಣುತ್ತದೆ. ಅದರ ದೊಡ್ಡ ಕರುಳಿನ ಕೊನೆಯಲ್ಲಿ ನರಗಳಿರುವುದಿಲ್ಲ. ಮಲ ಮುಂದಕ್ಕೆ ಸಾಗದೆ ಹೊಟ್ಟೆ ಉಬ್ಬಿ ಕೆಲವು ವಾರಗಳಲ್ಲಿ ಸಾಯುತ್ತದೆ. ಮನುಷ್ಯರ ಶಿಶುಗಳಲ್ಲೂ ಇಂಥದ್ದೇ ಕಾಯಿಲೆಯಿದೆ; ಅವರಿಗೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಹಣೆಯ ಮೇಲೆ ಅಗಲವಾದ ಬಿಳಿ ನಾಮವಿರುವ ಸಾಕು ಇಲಿಗಳ ಕೆಲವು ಮನೆತನಗಳಲ್ಲಿ ಹವ್ಯಾಸಿಗಳು ಹೀಗೆ ಉಬ್ಬಿ ಸಾಯುವ ಮರಿಗಳನ್ನು ಕಂಡಿದ್ದಾರೆ. ಎಲ್ಲ ಬಿಳಿ ಮಚ್ಚೆಯೂ ಹೀಗಲ್ಲ. ನಮ್ಮ ಕುಲಾವಿ ಇಲಿಯ ಬದಲಾವಣೆ ಬೇರೊಂದು ವಂಶವಾಹಿಯಲ್ಲಿದೆ, ಅದರ ಕರುಳು ಸರಿಯಾಗಿಯೇ ಇದೆ. ಎರಡನ್ನೂ ಕಣ್ಣಿನಿಂದ ನೋಡಿ ಬೇರ್ಪಡಿಸುವುದು ಹೇಗೆ?

ಜಿಂಕೆಬಣ್ಣದ ಕುಲಾವಿಯ, ಮಾಣಿಕ್ಯದ ಕಣ್ಣಿನ ಇನ್ನೊಂದು ತಳಿಯಿದೆ. ಅದಕ್ಕೆ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಬಣ್ಣದ ಕಣಗಳಲ್ಲಿ ಬಣ್ಣದ ಪೊಟ್ಟಣ ಕಟ್ಟುವ ಯಂತ್ರಕ್ಕೂ, ರಕ್ತ ಹೆಪ್ಪುಗಟ್ಟಿಸುವ ಕಿರುತಟ್ಟೆಗಳಲ್ಲಿ ಪೊಟ್ಟಣ ಕಟ್ಟುವ ಯಂತ್ರಕ್ಕೂ ಬಿಡಿಭಾಗ ಒಂದೇ. ಅದು ಕೆಟ್ಟಾಗ ಬಣ್ಣ ತಿಳಿಯಾಗಿ ಸುಂದರವಾಯಿತು, ರಕ್ತ ತೆಳುವಾಯಿತು.

ಹಾಗಾದರೆ ಇಂದು ಇಂಗ್ಲೆಂಡ್, ಅಮೆರಿಕಗಳಲ್ಲಿ ಇಲಿ ಸಾಕುವ ಜವಾಬ್ದಾರಿಯುತ ಹವ್ಯಾಸಿಗಳು ಏನು ಮಾಡುತ್ತಾರೆ? ಅವರ ಕಷ್ಟ ಕಾಲದ್ದು. ಇಲಿ ಬದುಕುವುದು ಎರಡು ಮೂರು ವರ್ಷ. ಗರ್ಭ ಇಪ್ಪತ್ತೆರಡು ದಿನದ ಆಸುಪಾಸು, ಒಂದು ಸೂಲಿಗೆ ಎಂಟು ಹತ್ತು ಮರಿ. ಕೆಲವೇ ತಿಂಗಳ ಹೆಣ್ಣು ತಾಯಿಯಾಗಬಲ್ಲದು. ಆದರೆ ಹೆಣ್ಣು ಇಲಿಗಳನ್ನು ಬಹಳವಾಗಿ ಕಾಡುವ ಸ್ತನದ ಗಡ್ಡೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಒಂದೂವರೆ ವರ್ಷದ ಮೇಲೆ. ಗಂಡಿನ ರೋಷ ಹೊರಬರುವುದು ಪ್ರಾಯಕ್ಕೆ ಬಂದ ಮೇಲೆ. ತಾಯಿಯಿಂದ ಮರಿಗೆ ದಾಟುವ ಮೈಕೊಪ್ಲಾಸ್ಮಾ ಸೋಂಕು ಶ್ವಾಸಕೋಶವನ್ನು ಒಳಗೊಳಗೇ ತಿನ್ನುತ್ತಾ ಮುಪ್ಪಿನಲ್ಲಿ ಉಬ್ಬಸವಾಗುತ್ತದೆ. ದೋಷ ತಿಳಿಯುವ ಹೊತ್ತಿಗೆ ಮರಿಗಳು, ಮರಿಗಳ ಮರಿಗಳು ಹತ್ತಾರು ಮನೆ ಸೇರಿರುತ್ತವೆ. ಬಣ್ಣವೋ, ಹುಟ್ಟಿದ ಎರಡನೆಯ ವಾರಕ್ಕೇ ಎದುರಿಗಿರುತ್ತದೆ.

ಅದಕ್ಕಾಗಿ ಅವರು ತಾಯಿಯನ್ನಲ್ಲ, ಅಜ್ಜಿಯನ್ನು ನೋಡುತ್ತಾರೆ. ಮಾರಿದ ಪ್ರತಿ ಮರಿಯ ಯಜಮಾನರಿಂದ ಸುದ್ದಿ ತರಿಸುತ್ತಾರೆ: ಯಾವಾಗ ಸತ್ತಿತು, ಯಾವುದರಿಂದ, ಯಾರನ್ನಾದರೂ ಕಚ್ಚಿತ್ತೆ? ಗಂಡನ್ನು ಬೇಗ ಬಳಸದೆ ಪ್ರಾಯ ತುಂಬಿ ಸ್ವಭಾವ ನೆಲೆಗೊಳ್ಳುವವರೆಗೆ ಕಾಯುತ್ತಾರೆ. ಮೊದಲು ಆರೋಗ್ಯ, ಆಮೇಲೆ ಸ್ವಭಾವ, ಕೊನೆಗೆ ಬಣ್ಣ ಎಂಬುದು ಅವರ ಕ್ರಮ. ಹೇಳುವುದು ಸುಲಭ. ಹೊಸ ಬಣ್ಣದ ಮರಿಯೊಂದು ಸೂಲಿನಲ್ಲಿ ಕಂಡಾಗ ಕಾಯುವುದು ಕಷ್ಟ.

ಆ ವಿದ್ಯಾರ್ಥಿನಿಗೆ ಇನ್ನೊಂದು ವಿಷಯ ಹೇಳಬೇಕು. ವಿಸ್ಟಾರ್ ಇಲಿಗಳ ಒಂದು ಮನೆತನ ನಮ್ಮ ದಕ್ಷಿಣ ಭಾರತದಲ್ಲಿಯೇ ಇದೆ. 1918ರಲ್ಲಿ ಕೂನೂರಿನ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ಅಧ್ಯಯನ ಆರಂಭಿಸಿದ ರಾಬರ್ಟ್ ಮೆಕ್‌ಕ್ಯಾರಿಸನ್ ಅವರ ಪ್ರಯೋಗಶಾಲೆಗೆ 1920ರ ಸುಮಾರಿಗೆ ಬಂದವು ಅವು. ಸಂಸ್ಥೆ ಬೆಳೆದು ಹೈದರಾಬಾದಿಗೆ ಹೋದಾಗ ಇಲಿಗಳೂ ಹೋದವು. ಅದೇ ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. 1990ರ ದಶಕದಲ್ಲಿ ಆ ವಂಶದಲ್ಲಿ ತಾನಾಗಿಯೇ ಒಂದು ಬೊಜ್ಜಿನ ಇಲಿ ಹುಟ್ಟಿತು. ಮನುಷ್ಯರ ಬೊಜ್ಜನ್ನು ಅಭ್ಯಸಿಸಲು ಅದು ಬಹು ಉಪಯುಕ್ತವೆಂದು ವಿಜ್ಞಾನಿಗಳು ಅದರ ತಳಿ ಉಳಿಸಿದ್ದಾರೆ. ಬೊಜ್ಜಿನ ಇಲಿಗೆ ಮರಿಗಳಾಗುವುದಿಲ್ಲ. ಆದ್ದರಿಂದ ಸಣ್ಣಗೆ, ಆರೋಗ್ಯವಾಗಿ ಕಾಣುವ ಅದರ ಒಡಹುಟ್ಟುಗಳಲ್ಲಿ ಯಾವುದು ಆ ವಂಶವಾಹಿಯನ್ನು ಬಚ್ಚಿಟ್ಟುಕೊಂಡಿದೆ ಎಂದು ಹುಡುಕಿ, ಅವನ್ನೇ ಜೋಡಿ ಮಾಡುತ್ತಾರೆ. ಆ ಇಲಿಗಳೂ ಬಿಳಿ.